ಮಾಕಳಿ ಬೇರು: ಅಡುಗೆ ಮತ್ತು ಮದ್ದಿನ ನಡುವೆ

ಜಾನಪದ ಅಧ್ಯಯನದಲ್ಲಿ ಅಡುಗೆಯನ್ನೂ ಮದ್ದನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುವ ರೂಢಿಯಿದೆ. ಈ ವಿಂಗಡಣೆಗೆ ಒಗ್ಗದ ಸಸ್ಯಗಳಲ್ಲಿ ಮಾಕಳಿ ಬೇರು ಒಂದು. ದಕ್ಷಿಣ ಬೆಂಗಳೂರಿನ ಜಯನಗರ, ಬನಶಂಕರಿ ಭಾಗದ ಹಳೆಯ ಮನೆಗಳಲ್ಲಿ ಇದು ಉಪ್ಪಿನಕಾಯಿಯೂ ಹೌದು, ಬಾಯಿರುಚಿ ಕೆಟ್ಟವರಿಗೆ ಮದ್ದೂ ಹೌದು.

ಡೆಕಾಲೆಪಿಸ್ ಹ್ಯಾಮಿಲ್ಟೋನಿಯೈ ಎಂಬ ಸಸ್ಯಶಾಸ್ತ್ರೀಯ ಹೆಸರಿನ ಈ ಬಳ್ಳಿ ದಕ್ಷಿಣ ಭಾರತದ ಕಲ್ಲುಬೆಟ್ಟಗಳಿಗೇ ಸೀಮಿತವಾದುದು. ಇದರ ಬೇರಿನ ಗಂಧಕ್ಕೆ ಮುಖ್ಯ ಕಾರಣವಾದ ಸಂಯುಕ್ತವು ವೆನಿಲಿನ್‌ನ ಐಸೋಮರ್. ಆದರೂ ಮೊದಲ ಸಲ ಮೂಸಿದವರಿಗೆ ಅದು ತಿಗಣೆಯ ವಾಸನೆಯಂತೆ ತೋರುವುದುಂಟು. ಇದರ ರುಚಿ ರೂಢಿಯಿಂದ ಬರತಕ್ಕದ್ದು.

ಬೇರನ್ನು ನೆನೆಸಿ, ಮಣ್ಣು ತೊಳೆದು, ಸಿಪ್ಪೆ ಹೆರೆದು, ನಡುವಿನ ಗಟ್ಟಿ ನಾರನ್ನು ತೆಗೆದು ಹೋಳು ಮಾಡುತ್ತಾರೆ. ಉಪ್ಪು, ನಿಂಬೆರಸ, ಸಾಸಿವೆಪುಡಿ, ಮೆಣಸಿನಪುಡಿ ಬೆರೆಸಿ ಜಾಡಿಗೆ ತುಂಬುವುದು ಒಂದು ಕ್ರಮ. ಮಜ್ಜಿಗೆ ಅಥವಾ ಮೊಸರಿನಲ್ಲಿ ಹಾಕಿಡುವುದು ಇನ್ನೊಂದು. ಮೊಸರನ್ನದ ಜೊತೆ ಒಂದೆರಡು ಹೋಳು ಸಾಕು. ಹಸಿವು ಹೆಚ್ಚಿಸುವುದು, ರಕ್ತಶುದ್ಧಿ ಮಾಡುವುದು ಎಂಬ ನಂಬಿಕೆಯೂ ಆ ಜಾಡಿಯೊಂದಿಗೇ ಇದೆ.

ಮದ್ದಿನ ವ್ಯಾಪಾರದಲ್ಲಿ ಒಂದು ಗೊಂದಲವಿದೆ. ಆಯುರ್ವೇದದ ಸಾರಿಬಾ ಎಂದರೆ ಸೊಗದೆ ಬೇರು, ಅಂದರೆ ಹೆಮಿಡೆಸ್ಮಸ್ ಇಂಡಿಕಸ್. ಸೊಗದೆಯದು ತೆಳುವಾದ ಬೇರು, ಮಾಕಳಿಯದು ದಪ್ಪ ಗೆಡ್ಡೆಯಂಥದು. ಗಂಧ ಸಮೀಪವಾದ್ದರಿಂದ ಸೊಗದೆಯ ಬದಲಿಗೆ ಮಾಕಳಿ ಬಳಕೆಯಾಗುತ್ತದೆ. ಹೀಗೆ ಉಪ್ಪಿನಕಾಯಿಯ ಬೇಡಿಕೆಗೆ ಔಷಧದ ಬೇಡಿಕೆಯೂ ಸೇರಿತು.

ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ. ಬೇರನ್ನೆಲ್ಲ ಅಗೆದರೆ ಬಳ್ಳಿಯೇ ಇಲ್ಲ. ಐಯುಸಿಎನ್ ಕೆಂಪುಪಟ್ಟಿಯಲ್ಲಿ ಈ ಸಸ್ಯ ಇಂದು ಅಪಾಯದಂಚಿನಲ್ಲಿದೆ. ಇದನ್ನು ಬಲ್ಲ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ, ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ಬಳಿಕ, ಕಿರು ಅರಣ್ಯೋತ್ಪನ್ನಗಳ ಮಾರಾಟಕ್ಕಾಗಿ ಸಂಗ್ರಹಿಸುವುದು ನಿಷಿದ್ಧವಾಯಿತು. 2011ರಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆಯಿತು. ನಗರದ ಜಾಡಿಯ ಮುಂದೆ ಕುಳಿತವರಿಗೆ ಈ ಯಾವುದೂ ತಿಳಿಯದು.

ಈ ಲೇಖಕನ ಕ್ಷೇತ್ರಕಾರ್ಯದ ಟಿಪ್ಪಣಿಗಳಲ್ಲೂ ಅದೇ ಲೋಪವಿದೆ. ಉಪ್ಪು ಎಷ್ಟು, ಸಾಸಿವೆ ಎಷ್ಟು ಎಂಬುದೆಲ್ಲ ದಾಖಲಾಗಿದೆ. ಪ್ರತಿಯೊಂದು ವಿಧಾನವೂ 'ಬೇರು ತಂದು' ಎಂದೇ ಆರಂಭವಾಗುತ್ತದೆ. ಯಾವ ಬೆಟ್ಟದಿಂದ, ಅಗೆದವರು ಯಾರು, ನೆಲದಲ್ಲಿ ಎಷ್ಟು ಉಳಿಸಿದರು ಎಂದು ಒಬ್ಬರನ್ನೂ ಕೇಳಿರಲಿಲ್ಲ.