ಹೆಣ್ಣು ಪಾತ್ರ ಮಾಡೋದು ಅಷ್ಟೊಂದು ಕಷ್ಟವಿತ್ತಾ?

ಇವತ್ತು 2014ರ ಜೂನ್ ತಿಂಗಳಿಗೆ ಹೋಗೋಣ. ಲಾಸ್ ಏಂಜಲೀಸ್‌ನಲ್ಲಿ ಇ3 ಅನ್ನೋ ಗೇಮಿಂಗ್ ಮೇಳ ನಡೀತಿದೆ. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ ತನ್ನ ಹೊಸ ಗೇಮ್ ‘ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ’ ತೋರಿಸ್ತಿದೆ. ಫ್ರೆಂಚ್ ಕ್ರಾಂತಿಯ ಪ್ಯಾರಿಸ್, ನಾಲ್ಕು ಜನ ಫ್ರೆಂಡ್ಸ್ ಆನ್‌ಲೈನಲ್ಲಿ ಒಟ್ಟಿಗೆ ಆಡಬಹುದು. ತೆರೆ ಮೇಲೆ ನಾಲ್ಕು ಹಂತಕರು. ನಾಲ್ವರೂ ಗಂಡಸರು.

ಹೆಣ್ಣು ಪಾತ್ರ ಯಾಕಿಲ್ಲ ಅಂತ ಪತ್ರಕರ್ತರು ಕೇಳಿದರು. ಮೊದಲು ಪಟ್ಟಿಯಲ್ಲಿತ್ತು, ಆಮೇಲೆ ಕೈಬಿಟ್ವಿ ಅನ್ನೋ ಅರ್ಥದ ಉತ್ತರ ಬಂತು. ಕಾರಣ? ಅನಿಮೇಷನ್ ಎರಡರಷ್ಟು, ಧ್ವನಿ ಎರಡರಷ್ಟು, ಬಟ್ಟೆ ಎರಡರಷ್ಟು. ತಂಡದ ಇನ್ನೊಬ್ಬರು 8000ಕ್ಕೂ ಹೆಚ್ಚು ಅನಿಮೇಷನ್‌ಗಳನ್ನು ಹೊಸದಾಗಿ ಮಾಡಬೇಕಾಗುತ್ತೆ ಅಂತ ಅಂದಾಜು ಕೊಟ್ಟರು. ಅಂದ್ರೆ ಹೆಣ್ಣು ಅಂದ್ರೆ ಖರ್ಚು!

ಆಗ ಜೋನಾಥನ್ ಕೂಪರ್ ಬಾಯಿಬಿಟ್ಟರು. ಇವರು ಇದೇ ಸರಣಿಯ ಮೂರನೇ ಗೇಮ್‌ಗೆ ಅನಿಮೇಷನ್ ನಿರ್ದೇಶಕರಾಗಿದ್ದವರು, ಅಷ್ಟೊತ್ತಿಗೆ ಬೇರೆ ಕಂಪನಿ ಸೇರಿದ್ದರು. ನನ್ನ ಲೆಕ್ಕದಲ್ಲಿ ಇದು ಒಂದೆರಡು ದಿನದ ಕೆಲಸ ಅಂತ ಟ್ವೀಟ್ ಮಾಡಿಬಿಟ್ಟರು. ಜೊತೆಗೊಂದು ಉದಾಹರಣೆಯನ್ನೂ ಕೊಟ್ಟರು. 2012ರ ‘ಲಿಬರೇಷನ್’ ಗೇಮ್‌ನ ನಾಯಕಿ ಅವೆಲಿನ್, ನ್ಯೂ ಆರ್ಲಿಯನ್ಸ್‌ನ ಹುಡುಗಿ. ಅವಳ ಬಹಳಷ್ಟು ಚಲನೆಗಳು ಮೂರನೇ ಗೇಮ್‌ನ ನಾಯಕ ಕಾನರ್‌ನದೇ. ಗಂಡಿಗೆ ಮಾಡಿದ್ದನ್ನೇ ಹೆಣ್ಣಿಗೂ ಹಾಕಿ ಯೂಬಿಸಾಫ್ಟ್ ಆಗಲೇ ಗೇಮ್ ಮಾರಿಯಾಗಿತ್ತು.

ಇದಕ್ಕಿಂತ ತಮಾಷೆ ಇತಿಹಾಸದ್ದು. ಫ್ರೆಂಚ್ ಕ್ರಾಂತಿಯ ಅತ್ಯಂತ ಹೆಸರಾದ ಹಂತಕರು ಯಾರು ಗೊತ್ತಾ? ಷಾರ್ಲಟ್ ಕಾರ್ಡೆ, 24 ವರ್ಷದ ಹೆಣ್ಣುಮಗಳು. 1793ರ ಜುಲೈ 13ರಂದು ಕ್ರಾಂತಿಯ ನಾಯಕ ಮಾರಾನ ಮನೆಗೆ ಹೋಗಿ, ಸ್ನಾನದ ತೊಟ್ಟಿಯಲ್ಲಿ ಕೂತಿದ್ದವನ ಎದೆಗೆ ಅಡುಗೆಮನೆ ಚಾಕು ಇಳಿಸಿದಳು. ನಾಲ್ಕೇ ದಿನಕ್ಕೆ ಗಿಲೊಟಿನ್. ಅದಕ್ಕೂ ನಾಲ್ಕು ವರ್ಷ ಮೊದಲು, 1789ರ ಅಕ್ಟೋಬರ್‌ನಲ್ಲಿ, ರೊಟ್ಟಿ ಸಿಗದೆ ರೊಚ್ಚಿಗೆದ್ದ ಪ್ಯಾರಿಸ್ಸಿನ ಹೆಂಗಸರು ವರ್ಸೈ ಅರಮನೆ ತನಕ ನಡೆದುಹೋಗಿ ರಾಜನನ್ನೇ ಊರಿಗೆ ಕರ್ಕೊಂಡು ಬಂದಿದ್ದರು. ಅಂಥ ಊರಿನ ಕಥೆಯಲ್ಲಿ ಹೆಣ್ಣು ಹಂತಕಿ ಕಾಸ್ಟ್ಲಿ ಅಂದ್ರೆ ಜನ ನಗದೆ ಏನು ಮಾಡ್ತಾರೆ? ‘ಯೂನಿಟಿ’ಯಲ್ಲೇ ಎಲೀಸ್ ಅನ್ನೋ ಪಾತ್ರ ಇದೆ. ಓಡ್ತಾಳೆ, ಕತ್ತಿ ಹಿಡಿದು ಹೊಡೆದಾಡ್ತಾಳೆ. ಆದ್ರೆ ಅವಳಾಗಿ ನಾವು ಆಡೋ ಹಾಗಿಲ್ಲ.

ಗೇಮ್ ಮಾಡೋದು ಸುಲಭದ ಕೆಲಸ ಅಂತ ನಾನು ಹೇಳ್ತಿಲ್ಲ. ಕೊನೇ ತಿಂಗಳುಗಳಲ್ಲಿ ಏನಾದರೂ ಬಿಡಲೇಬೇಕು, ಎಲ್ಲರೂ ಬಿಡ್ತಾರೆ. ಆದರೆ ಮೊದಲು ಬಿಟ್ಟಿದ್ದು ಯಾವುದು ಅನ್ನೋದೇ ಇಲ್ಲಿ ವಿಷಯ. ಅದರ ಸುಳಿವು ಸಿಕ್ಕಿದ್ದು ಆರು ವರ್ಷ ಬಿಟ್ಟು.

2020ರ ಜುಲೈನಲ್ಲಿ ಬ್ಲೂಮ್‌ಬರ್ಗ್ ಒಂದು ವರದಿ ಮಾಡಿತು. ಹೆಣ್ಣು ನಾಯಕಿಯರಿದ್ದರೆ ಗೇಮ್ ಓಡಲ್ಲ ಅನ್ನೋ ನಂಬಿಕೆ ಕಂಪನಿಯ ಮೇಲಿನವರಲ್ಲಿ, ಮಾರ್ಕೆಟಿಂಗ್‌ನವರಲ್ಲಿ ಗಟ್ಟಿಯಾಗಿತ್ತು ಅಂತ ಅಲ್ಲಿ ಕೆಲಸ ಮಾಡಿದವರೇ ಹೇಳಿದ್ದರು. 2015ರ ‘ಸಿಂಡಿಕೇಟ್’ನಲ್ಲಿ ಅಕ್ಕ ತಮ್ಮ ಇಬ್ಬರಿಗೂ ಸಮಪಾಲು ಇರಬೇಕಿತ್ತು, ಅಕ್ಕ ಈವಿಯ ಪಾಲು ಕರಗಿತು. ‘ಒರಿಜಿನ್ಸ್’ನಲ್ಲಿ ನಾಯಕ ಬಾಯೆಕ್ ಬೇಗ ಬದಿಗೆ ಸರಿದು ಹೆಂಡತಿ ಅಯಾ ಕಥೆ ನಡೆಸಬೇಕಿತ್ತು, ಆಗಲಿಲ್ಲ. 2018ರ ‘ಒಡಿಸ್ಸಿ’ಯಲ್ಲಿ ಕಸ್ಸಾಂಡ್ರಾ ಒಬ್ಬಳೇ ಇರಬೇಕು ಅಂತ ತಂಡ ಕೇಳಿತ್ತು. ಕೊನೆಗೆ ಅಲೆಕ್ಸಿಯೋಸ್ ಅನ್ನೋ ಗಂಡು ಪಾತ್ರವನ್ನೂ ಸೇರಿಸಿ, ಯಾರು ಬೇಕೋ ಆರಿಸ್ಕೊಳ್ಳಿ ಅಂದರು. ನೋಡಿ, ಇಲ್ಲಿ ಎರಡರಷ್ಟು ಧ್ವನಿ, ಎರಡರಷ್ಟು ಕೆಲಸ ಯಾರಿಗೂ ಹೊರೆ ಅನಿಸಲಿಲ್ಲ! ಅದೇ ತಿಂಗಳು, ಕೆಲಸದ ಜಾಗದ ದುರ್ವರ್ತನೆಯ ಆರೋಪಗಳ ಗದ್ದಲದ ನಡುವೆ, ಕಂಪನಿಯ ಕ್ರಿಯೇಟಿವ್ ಮುಖ್ಯಸ್ಥ ಸೆರ್ಜ್ ಹಾಸ್ಕೋಎ ರಾಜೀನಾಮೆ ಕೊಟ್ಟರು.

2025ರ ಮಾರ್ಚ್‌ನಲ್ಲಿ ‘ಶಾಡೋಸ್’ ಬಂತು. ಜಪಾನಿನ ಕಥೆ. ನಾಯಕರು ಇಬ್ಬರು, ನಾವೊಎ ಅನ್ನೋ ಹೆಣ್ಣು, ಯಸುಕೆ ಅನ್ನೋ ಆಫ್ರಿಕನ್. ಈ ಸಲ ಖರ್ಚಿನ ಮಾತಿಲ್ಲ, ಗಲಾಟೆಯೆಲ್ಲ ಇತಿಹಾಸದ ಹೆಸರಲ್ಲಿ. ಜಪಾನಿನ ಕಥೆಗೆ ಜಪಾನಿ ಗಂಡಸೇ ನಾಯಕ ಯಾಕಾಗಬಾರದು ಅನ್ನೋದು ನ್ಯಾಯವಾದ ಪ್ರಶ್ನೆ. ಆದರೆ ಕರಿಯ ಮನುಷ್ಯ ಅಲ್ಲಿರೋಕೆ ಸಾಧ್ಯವೇ ಇರಲಿಲ್ಲ ಅನ್ನೋದು ಸುಳ್ಳು. ಯಸುಕೆ 1581ರಲ್ಲಿ ಒಡಾ ನೊಬುನಾಗಾನ ಮುಂದೆ ನಿಂತಿದ್ದಕ್ಕೆ ಆ ಕಾಲದ ದಾಖಲೆಗಳಿವೆ. ಇದೇ ಸರಣಿಯ ಎರಡನೇ ಗೇಮ್‌ನಲ್ಲಿ ನಾಯಕ ಪೋಪ್ ಜೊತೆ ಮುಷ್ಟಿಯುದ್ಧ ಮಾಡ್ತಾನೆ. ಅದು ಇತಿಹಾಸಕ್ಕೆ ಅಪಚಾರ ಅಂತ ಇಷ್ಟು ಜೋರಾಗಿ ಯಾರೂ ಕೂಗಿದ್ದು ನನಗೆ ನೆನಪಿಲ್ಲ.

ಯಸುಕೆಯನ್ನು ಜಪಾನಿಗೆ ಕರೆದೊಯ್ದ ಪಾದ್ರಿ ವಲಿನ್ಯಾನೊ, ಅದಕ್ಕೆ ಮೊದಲು ಯುರೋಪಿನಿಂದ ಬಂದಿಳಿದದ್ದು ನಮ್ಮ ಪಕ್ಕದ ಗೋವಾದಲ್ಲಿ. ಪೋರ್ಚುಗೀಸರ ಹಡಗುಗಳಲ್ಲಿ ಹಾಗೆ ಗೋವಾಕ್ಕೆ ಬಂದ ಆಫ್ರಿಕನ್ನರ ಮಕ್ಕಳು ಮೊಮ್ಮಕ್ಕಳು ಇವತ್ತು ಯಲ್ಲಾಪುರ, ಹಳಿಯಾಳದ ಕಡೆ ಇರೋ ಸಿದ್ದಿಗಳು. ಅವರ ಕಥೆಯ ಗೇಮ್ ನಾನಂತೂ ಇನ್ನೂ ಆಡಿಲ್ಲ.