ಲಿಂಬೋ: ಅಂಚಿನಲ್ಲಿ ಇಟ್ಟ ಮಕ್ಕಳು

ಲ್ಯಾಟಿನ್ ಭಾಷೆಯಲ್ಲಿ ‘ಲಿಂಬಸ್’ ಅಂದರೆ ಅಂಚು, ಬಟ್ಟೆಗಿರುವ ಅಂಚು. ಮಧ್ಯಯುಗದ ಕ್ರೈಸ್ತ ಪಂಡಿತರು ಈ ಪದವನ್ನು ಪರಲೋಕಕ್ಕೆ ಒಯ್ದರು. ನರಕದ ಅಂಚಿನಲ್ಲಿ, ಅದರ ಬೆಂಕಿ ತಾಗದ ಒಂದು ಜಾಗವಿದೆ. ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಹಸುಗೂಸುಗಳು ಅಲ್ಲಿರುತ್ತವೆ ಎಂದರು. ಕ್ರಿಸ್ತನಿಗಿಂತ ಹಿಂದಿನ ಸಜ್ಜನರಿಗೂ ಅಂಥದೇ ಬೇರೊಂದು ಜಾಗ ಕೊಟ್ಟಿದ್ದರು, ಆದರೆ ಅವರು ಅಲ್ಲಿಂದ ಬಿಡುಗಡೆ ಹೊಂದಿದರು. ಮಕ್ಕಳಿಗೆ ಬಿಡುಗಡೆ ಇರಲಿಲ್ಲ. ಶೇಕ್ಸ್‌ಪಿಯರನ ಕಾಲಕ್ಕಾಗಲೇ ‘ಲಿಂಬೋ’ ಅಂದರೆ ಸೆರೆಮನೆ ಎಂಬ ಅರ್ಥವೂ ಬಂದಿತ್ತು. ಈಗ ಇಂಗ್ಲಿಷ್ ಪತ್ರಿಕೆಗಳಲ್ಲಿ ವೀಸಾಕ್ಕೆ ಕಾಯುವವರು, ತೀರ್ಪು ಬಾರದ ಮೊಕದ್ದಮೆಗಳು, ದೇಶವಿಲ್ಲದ ನಿರಾಶ್ರಿತರು ಎಲ್ಲರೂ ಲಿಂಬೋದಲ್ಲೇ ಇದ್ದಾರೆ. ಅಲ್ಲಿ ಮೊದಲು ಇದ್ದ ಮಕ್ಕಳ ನೆನಪು ಮಾತ್ರ ಪದದಿಂದ ಅಳಿಸಿಹೋಗಿದೆ.

ಈ ಪದ ಬೇಕಾದದ್ದು ಒಂದು ವಾದದಲ್ಲಿ ಬಿದ್ದ ಬಿರುಕನ್ನು ಮುಚ್ಚಲು. ಐದನೇ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪ್ ಆಗಿದ್ದ ಸಂತ ಅಗಸ್ಟೀನ್, ಆದಾಮನ ಪಾಪ ಹುಟ್ಟುವ ಪ್ರತಿಯೊಂದು ಮಗುವಿಗೂ ಬರುತ್ತದೆ, ದೀಕ್ಷಾಸ್ನಾನದಿಂದಲೇ ಅದು ಕಳೆಯಬೇಕು ಎಂದರು. ಮಾತೂ ಬಾರದ ಕೂಸೊಂದು, ತಾನು ಕುಡಿಯುವ ಮೊಲೆಯನ್ನೇ ಇನ್ನೊಂದು ಮಗು ಕುಡಿಯುವಾಗ ಮುಖ ಬಿಳಿಚಿಕೊಂಡು ದುರುಗುಟ್ಟಿ ನೋಡಿದ್ದನ್ನು ತಾವೇ ಕಂಡೆವೆಂದು ‘ಕನ್ಫೆಷನ್ಸ್’ ಗ್ರಂಥದಲ್ಲಿ ಬರೆದಿದ್ದಾರೆ. ಅವರು ಅಲ್ಲಿ ಹೊಟ್ಟೆಕಿಚ್ಚನ್ನು ಕಂಡರು. ಮಕ್ಕಳನ್ನು ಸಾಕಿದವರು ಅಲ್ಲಿ ಹಸಿವನ್ನು ಕಾಣುತ್ತಾರೆ. ಪೆಲೇಜಿಯಸ್ ಎಂಬ ಸನ್ಯಾಸಿ, ಮಗು ಹುಟ್ಟುವುದು ನಿರ್ಮಲವಾಗಿಯೇ ಎಂದು ವಾದಿಸಿದ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್‌ಗಳ ಸಭೆ ಆ ವಾದವನ್ನು ತಳ್ಳಿಹಾಕಿತು.

ಅಗಸ್ಟೀನರು ಕಲ್ಲುಮನಸ್ಸಿನವರಲ್ಲ. ಮಕ್ಕಳಿಗೆ ಶಿಕ್ಷೆ ಎಂಬ ಮಾತು ಬಂದಾಗ ತಮಗೆ ಸಂಕಟವಾಗುತ್ತದೆ, ಉತ್ತರ ತೋಚುವುದಿಲ್ಲ ಎಂದು ಸಂತ ಜೆರೋಮರಿಗೆ ಪತ್ರ ಬರೆದರು. ಕಡೆಗೆ, ಆ ಮಕ್ಕಳಿಗೆ ಎಲ್ಲಕ್ಕಿಂತ ಹಗುರವಾದ ಶಿಕ್ಷೆ ಎಂದರು. ಹಗುರವಾದರೂ ಅದು ಶಿಕ್ಷೆಯೇ. ಮುಂದೆ ಹದಿಮೂರನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಅದನ್ನೂ ಇಳಿಸಿದರು: ಆ ಮಕ್ಕಳಿಗೆ ದೇವರ ದರ್ಶನವಿಲ್ಲ, ಆದರೆ ನೋವೂ ಇಲ್ಲ, ಕಳೆದುಕೊಂಡದ್ದು ಏನೆಂದು ತಿಳಿಯದ ಕಾರಣ ದುಃಖವೂ ಇಲ್ಲ. ಲಿಂಬೋ ಹುಟ್ಟಿದ್ದು ಕರುಣೆಯಿಂದ ಎಂಬುದನ್ನು ಒಪ್ಪಲೇಬೇಕು. ಬೆಂಕಿಯಿಂದ ಮಕ್ಕಳನ್ನು ಹೊರಗೆ ತಂದದ್ದು ಇದೇ ಪದ.

ಆದರೆ ಪಂಡಿತರ ಕರುಣೆ ಹೆತ್ತವರ ಮನೆಗೆ ತಲುಪುವ ಹೊತ್ತಿಗೆ ಅದರ ಅರ್ಥ ಒಂದೇ ಆಗಿತ್ತು: ನಿಮ್ಮ ಕೂಸು ನಿಮಗೆ ಇನ್ನೆಂದೂ ಸಿಗುವುದಿಲ್ಲ. ಸ್ವಿಟ್ಜರ್ಲೆಂಡಿನ ಓಬರ್‌ಬ್ಯೂರೆನ್‌ನಲ್ಲಿ ಒಂದು ಮರಿಯಮ್ಮನವರ ಗುಡಿಯಿತ್ತು. ಸತ್ತು ಹುಟ್ಟಿದ ಮಕ್ಕಳನ್ನು ಜನ ಅಲ್ಲಿಗೆ ಹೊತ್ತು ತರುತ್ತಿದ್ದರು. ಕೂಸನ್ನು ಕೆಂಡ ಮತ್ತು ಮೋಂಬತ್ತಿಗಳ ನಡುವೆ ಬೆಚ್ಚಗಿಟ್ಟು, ತುಟಿಯ ಮೇಲೆ ಒಂದು ಹಕ್ಕಿಗರಿ ಇಡುತ್ತಿದ್ದರು. ಗರಿ ಅಲುಗಿದರೆ ಜೀವ ಬಂತು ಎಂದೇ ಲೆಕ್ಕ. ಕೂಡಲೇ ದೀಕ್ಷಾಸ್ನಾನ ಮಾಡಿಸಿ, ನಂತರ ಮಣ್ಣು ಮಾಡುತ್ತಿದ್ದರು. ಕಾನ್‌ಸ್ಟನ್ಸ್‌ನ ಬಿಷಪ್ ಇದನ್ನು ಖಂಡಿಸಿ 1486ರಲ್ಲಿ ರೋಮಿಗೆ ದೂರು ಬರೆದರು. 1990ರ ದಶಕದ ಉತ್ಖನನದಲ್ಲಿ ಅಲ್ಲಿ ಸುಮಾರು 250 ಶಿಶುಗಳ ಮೂಳೆಗಳು ಸಿಕ್ಕವು. ಬಿಷಪ್‌ಗೆ ಅದು ಮೂಢನಂಬಿಕೆ. ಆದರೆ ಆ ಗರಿಯ ಮೇಲೆ ಕಣ್ಣು ನೆಟ್ಟು ಕೂತಿದ್ದವರನ್ನು ಅಲ್ಲಿಗೆ ಅಟ್ಟಿದ್ದು ಚರ್ಚಿನದೇ ಬೋಧನೆ.

ಐರ್ಲೆಂಡಿನಲ್ಲಿ ಈ ಪದ ನೆಲದ ಮೇಲೇ ಗಡಿ ಎಳೆಯಿತು. ದೀಕ್ಷಾಸ್ನಾನವಾಗದ ಕೂಸಿಗೆ ಚರ್ಚಿನ ಮಂತ್ರಿಸಿದ ನೆಲದಲ್ಲಿ ಜಾಗವಿರಲಿಲ್ಲ. ಅವಕ್ಕೆಂದೇ ಪಾಳು ಗುಡಿಗಳ ಬಳಿ, ಹಳೆಯ ಮಣ್ಣಿನ ಕೋಟೆಗಳೊಳಗೆ, ಕಡಲ ದಂಡೆಯಲ್ಲಿ, ಊರಿನ ಎಲ್ಲೆಯಲ್ಲಿ ಹೂಳುವ ಜಾಗಗಳಿದ್ದವು. ಅವನ್ನು ‘ಕಿಲ್ಲೀನ್’ ಎನ್ನುತ್ತಾರೆ. ಸಾಮಾನ್ಯವಾಗಿ ತಂದೆಯೋ ಹತ್ತಿರದ ಗಂಡಸರೋ ಕತ್ತಲಲ್ಲಿ ಕೂಸನ್ನು ಒಯ್ದು, ಪಾದ್ರಿಯಿಲ್ಲದೆ, ಪ್ರಾರ್ಥನಾವಿಧಿಯಿಲ್ಲದೆ ಹೂತು ಬರುತ್ತಿದ್ದರು. ಹೆಸರು ಕೆತ್ತುವಂತಿರಲಿಲ್ಲ, ಎಷ್ಟೋ ಕಡೆ ಗುರುತಿಗೆ ಬಿಳಿ ಬೆಣಚುಕಲ್ಲುಗಳನ್ನು ಇಟ್ಟಿದ್ದಾರೆ. ಇಪ್ಪತ್ತನೇ ಶತಮಾನದ ನಡುಭಾಗ ದಾಟುವವರೆಗೂ ಇದು ನಡೆಯಿತು.

ಇಷ್ಟೆಲ್ಲ ಆಗುವಾಗಲೂ ಅದೇ ಚರ್ಚು ಪ್ರತಿ ಡಿಸೆಂಬರ್ 28ರಂದು, ಬೆತ್ಲೆಹೇಮಿನಲ್ಲಿ ಹೆರೋದ ಕೊಲ್ಲಿಸಿದ ಹಸುಗೂಸುಗಳನ್ನು ಸಂತರೆಂದು ಸ್ಮರಿಸುತ್ತಿತ್ತು. ಆ ಮಕ್ಕಳ ತಲೆಯ ಮೇಲೂ ದೀಕ್ಷಾಸ್ನಾನದ ನೀರು ಬಿದ್ದಿರಲಿಲ್ಲ. ನೀರಿಲ್ಲದೆಯೂ ದೇವರು ಮಗುವನ್ನು ಸೇರಿಸಿಕೊಳ್ಳಬಲ್ಲ ಎಂಬುದಕ್ಕೆ ಚರ್ಚಿನ ಪಂಚಾಂಗದಲ್ಲೇ ಸಾಕ್ಷಿಯಿತ್ತು. ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತರು ಆದಾಮನಿಂದ ನಮಗೆ ಬಂದದ್ದು ಸಾವು, ಅವನ ಅಪರಾಧವಲ್ಲ ಎಂದೇ ಹೇಳಿಕೊಂಡು ಬಂದರು. ಅವರಿಗೆ ಲಿಂಬೋ ಬೇಕಾಗಲೇ ಇಲ್ಲ. ಜ್ಯೂರಿಕ್‌ನ ಸುಧಾರಕ ಜ್ವಿಂಗ್ಲಿ, ಜನ್ಮಪಾಪವನ್ನು ರೋಗವೆಂದರೇ ಹೊರತು ತಪ್ಪು ಎನ್ನಲಿಲ್ಲ.

ಲಿಂಬೋ ಎಂದೂ ಕಥೋಲಿಕ ಚರ್ಚಿನ ಕಡ್ಡಾಯ ವಿಶ್ವಾಸಸೂತ್ರವಾಗಿರಲಿಲ್ಲ. 1992ರ ಧರ್ಮೋಪದೇಶ ಗ್ರಂಥ ಈ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸಿತು. ಲಿಂಬೋ ಎಂಬ ಪದವನ್ನು ಅದು ಎತ್ತಲೇ ಇಲ್ಲ. 2007ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟರ ಒಪ್ಪಿಗೆಯಿಂದ ಪ್ರಕಟವಾದ ದೇವಶಾಸ್ತ್ರ ಆಯೋಗದ ದಾಖಲೆ, ಈ ಮಕ್ಕಳು ರಕ್ಷಣೆ ಹೊಂದುತ್ತಾರೆಂದು ನಂಬಿ ಕಾಯಲು ಬಲವಾದ ಕಾರಣಗಳಿವೆ ಎಂದಿತು. ಖಚಿತವಾಗಿ ಗೊತ್ತು ಎನ್ನಲಿಲ್ಲ, ಭರವಸೆ ಇದೆ ಎಂದಿತು.

ನನಗೆ ಆ ದಾಖಲೆಯಲ್ಲಿ ಹಿಡಿಸಿದ್ದು ಈ ಸಂಯಮವೇ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದು ಬಿಡುವ ಬದಲು ಒಂದು ಪದ ಕಟ್ಟಿ ಕೂರಿಸಿದ್ದರಿಂದಲೇ ತಂದೆಯಂದಿರು ಕತ್ತಲಲ್ಲಿ ನಡೆಯಬೇಕಾಯಿತು. ಐರ್ಲೆಂಡಿನಲ್ಲಿ ಈಚಿನ ದಶಕಗಳಲ್ಲಿ ಪಾದ್ರಿಗಳು ಎಷ್ಟೋ ಕಿಲ್ಲೀನ್‌ಗಳಿಗೆ ಹೋಗಿ ಪ್ರಾರ್ಥಿಸಿ ಆ ನೆಲವನ್ನು ಆಶೀರ್ವದಿಸಿದ್ದಾರೆ, ಸ್ಮಾರಕಗಳು ಎದ್ದಿವೆ. ಅದು ತಡವಾಗಿ ಸಂದ ನ್ಯಾಯ, ಆದರೂ ನ್ಯಾಯವೇ. ವೀಸಾಕ್ಕೂ ಮೊಕದ್ದಮೆಗೂ ಲಿಂಬೋ ಎಂಬ ಪದ ಉಳಿದುಕೊಳ್ಳಲಿ. ಕೂಸನ್ನು ಕಳೆದುಕೊಂಡ ತಾಯಿಯ ಮುಂದೆ ಮಾತ್ರ ಯಾವ ಪಂಡಿತನೂ ಅದನ್ನು ಇನ್ನು ಉಚ್ಚರಿಸಬಾರದು.