ಸುಣ್ಣದ ಪೊರೆ ಮತ್ತು ಭದ್ರಾವತಿಯ ಬಾಯ್ಲರುಗಳು

‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಮಾತಿನಲ್ಲಿ ಶಿವಮೊಗ್ಗದವರಿಗೆ ಸಣ್ಣದೊಂದು ಹೆಮ್ಮೆಯಿದೆ. ಬಚ್ಚಲುಮನೆಯ ಹಂಡೆಯೂ ಈ ಮಾತಿಗೆ ಸಾಕ್ಷಿ ಹೇಳುತ್ತದೆ. ಹೊಳೆಯ ನೀರು ಕಾಯಿಸಿದ ಹಂಡೆಯಲ್ಲಿ ಸುಣ್ಣದ ಪೊರೆ ನಿಧಾನವಾಗಿ ಕಟ್ಟುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ಕೆಲವೇ ತಿಂಗಳಲ್ಲಿ ಗೀಸರಿನ ಸುರುಳಿ ಬೆಳ್ಳಗಾಗುತ್ತದೆ.

ಕಾರಣ ಸರಳ. ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈ ಆಕ್ಸೈಡನ್ನು ಹೀರಿದ ಮಳೆನೀರು ನೆಲದೊಳಗೆ ಇಳಿಯುವಾಗ ಸುಣ್ಣಕಲ್ಲನ್ನು ಕರಗಿಸಿಕೊಳ್ಳುತ್ತದೆ. ಕಾಯಿಸಿದಾಗ ಆ ಅನಿಲ ಹಾರಿಹೋಗಿ, ಕರಗಿದ್ದ ಸುಣ್ಣ ಮತ್ತೆ ಕಲ್ಲಾಗಿ ಪಾತ್ರೆಗೆ ಅಂಟುತ್ತದೆ. ಮನೆಯಲ್ಲಾದರೆ ಹೆಚ್ಚು ಸೌದೆ, ಹೆಚ್ಚು ಕರೆಂಟು, ನಷ್ಟ ಅಷ್ಟೇ. ಬಾಯ್ಲರಿನಲ್ಲಿ ಹಾಗಲ್ಲ. ಪೊರೆ ಕಟ್ಟಿದ ಕೊಳವೆಯ ಶಾಖ ನೀರಿಗೆ ದಾಟುವುದಿಲ್ಲ. ಲೋಹ ಕೆಂಪಗೆ ಕಾದು ಮೆದುವಾಗಿ, ಒಳಗಿನ ಒತ್ತಡಕ್ಕೆ ಸೀಳುತ್ತದೆ. ಹತ್ತಿರ ನಿಂತವರ ಗತಿ ಹೇಳಬೇಕಿಲ್ಲ.

ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದ್ದು 1923ರ ಜನವರಿಯಲ್ಲಿ. ಬ್ರಿಟಿಷ್ ಇಂಡಿಯಾದ ಬಾಯ್ಲರ್ ಕಾಯ್ದೆಯೂ ಅದೇ ವರ್ಷದ್ದು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಬಂಡಿಗುಡ್ಡದ ಸುಣ್ಣಕಲ್ಲು ಇಲ್ಲಿ ಕೂಡಿದವು. ಕುಲುಮೆಯೊಳಗೆ ಅದಿರಿನ ಕಶ್ಮಲವನ್ನು ಹಿಡಿದು ಕಿಟ್ಟವಾಗಿ ಹೊರತರುವ ಗೆಳೆಯ ಈ ಸುಣ್ಣಕಲ್ಲು. ಅದೇ ಸುಣ್ಣ ನೀರಿನಲ್ಲಿ ಕರಗಿ ಬಾಯ್ಲರಿಗೆ ಬಂದರೆ ಶತ್ರು! ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1936ರಲ್ಲಿ ಮೈಸೂರು ಕಾಗದದ ಗಿರಣಿಯೂ ಇಲ್ಲಿಯೇ ಸ್ಥಾಪನೆಯಾಯಿತು. ಬಿದಿರು ಬೇಯಿಸಲು ಹಬೆ, ಕಾಗದ ಒಣಗಿಸಲೂ ಹಬೆ.

ಈ ಕಾರ್ಖಾನೆಗಳ ಕಥೆಯಲ್ಲಿ ನಾವು ವಿಶ್ವೇಶ್ವರಯ್ಯನವರನ್ನು ನೆನೆಯುತ್ತೇವೆ, ಮಿರ್ಜಾ ಸಾಹೇಬರನ್ನು ನೆನೆಯುತ್ತೇವೆ. ನೆನೆಯಬೇಕಾದದ್ದೇ. ಆದರೆ ಆರಿಸಿದ ಬಾಯ್ಲರಿನ ಕಿರುಬಾಗಿಲಲ್ಲಿ ನುಸುಳಿ, ಇನ್ನೂ ಆರದ ಸೆಕೆಯಲ್ಲಿ, ದೂಳು ಕುಡಿಯುತ್ತ ಸುತ್ತಿಗೆಯಿಂದ ಪೊರೆ ಕೆತ್ತುವ ಕೂಲಿಗಳ ಕಥೆ ನಾವು ಓದಿದ ಚರಿತ್ರೆಗಳಲ್ಲಿ ಕಾಣಲಿಲ್ಲ. ಹಬೆಯಿಂದ ನಡೆಯುವ ಕಾರ್ಖಾನೆಗಳೆಲ್ಲ ಉಳಿದದ್ದು ಅಂಥವರ ಬೆವರಿನಿಂದ.

ಪೊರೆ ಕಟ್ಟದಂತೆ ತಡೆಯುವ ಉಪಾಯಗಳಲ್ಲಿ ಹಳೆಯದೊಂದು ತಮಾಷೆಯಾಗಿದೆ. ನೀರಿನ ಸುಣ್ಣ ತೆಗೆಯಲು ಸುಣ್ಣವನ್ನೇ ಬೆರೆಸುವುದು! ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ 1841ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಬೆರೆಸಿದ ಸುಣ್ಣ ನೀರಿನ ಇಂಗಾಲದ ಅನಿಲವನ್ನು ಹಿಡಿದುಬಿಡುವುದರಿಂದ ಎರಡೂ ಸುಣ್ಣ ತೊಟ್ಟಿಯಲ್ಲೇ ತಳಕ್ಕೆ ಕೂರುತ್ತವೆ. ಆಮೇಲೆ ಸೋಡಾ ಬಂತು, ಉಪ್ಪುನೀರಿನಿಂದ ಮತ್ತೆ ಚುರುಕಾಗುವ ಜಿಯೋಲೈಟ್ ಬಂತು, ಫಾಸ್ಫೇಟ್ ಬಂತು. ಇಷ್ಟಾದರೂ ಬಾಯ್ಲರಿನ ತಳದ ಕೆಸರುನೀರನ್ನು ಆಗಾಗ ಹೊರಬಿಡಲು, ನೀರಿನ ಮಟ್ಟದ ಗಾಜನ್ನು ರಾತ್ರಿಯಿಡೀ ಕಾಯಲು ಮನುಷ್ಯನೇ ಬೇಕು.

ಕಾಗದದ ಗಿರಣಿಯ ಉತ್ಪಾದನೆ 2015ರ ಹೊತ್ತಿಗೆ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದದ್ದು 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷಕ್ಕೆ. ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ನೀರಿನ ಗುಣವನ್ನು ಕಣ್ಣಿನಲ್ಲೇ ಅಳೆಯಬಲ್ಲ ಹಿರಿಯರು ಈ ಊರಿನಲ್ಲಿದ್ದಾರೆ. ಅವರ ಮಾತನ್ನು ಬರೆದಿಡುವ ಕೆಲಸವನ್ನು ಇಲ್ಲಿನ ಕಾಲೇಜುಗಳ ಇತಿಹಾಸ ವಿಭಾಗಗಳಾದರೂ ಕೈಗೆತ್ತಿಕೊಳ್ಳಬಾರದೇ?

ಈಗ ಪೊರೆಯ ಕಾಟ ಮನೆಯ ಗೀಸರಿಗೆ, ಮಸೀದಿಯಲ್ಲಿ ಚಳಿಗಾಲದ ವುಜೂಗೆಂದು ನೀರು ಕಾಯಿಸುವ ಯಂತ್ರಕ್ಕೆ ಬಂದಿದೆ. ಕಕ್ಕಸು ತೊಳೆಯುವ ಆಸಿಡ್ ಸುರಿಯುವವರಿದ್ದಾರೆ. ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ. ತಾಮ್ರದ ಹಂಡೆಗೆ ನಮ್ಮ ಅಜ್ಜಿಯರು ಹುಣಿಸೆಹಣ್ಣು ತಿಕ್ಕುತ್ತಿದ್ದರು. ಗೀಸರಿಗೆ ವಿದ್ಯುತ್ ತಪ್ಪಿಸಿ, ಕೆಲಸ ಬಲ್ಲವರಿಂದ ಸುರುಳಿ ಬಿಚ್ಚಿಸಿ, ನಿಂಬೆಹುಳಿಯ ಪುಡಿ ಕದಡಿದ ನೀರಿನಲ್ಲಿ ನೆನೆಹಾಕಿದರೆ ಸಾಕು.